ಕಟಕಟೆಯಲ್ಲಿ ‘ಹ್ಞೂಂ ಕನ ಬುದ್ಧಿ’

ಚರ್ಚೆ: ಕೋರ್ಟು ಹಾಲಿನೊಳಗೆ ಆಡುಮಾತು, ಮೊಬೈಲು ಎರಡಕ್ಕೂ ಕಡಿವಾಣ ಬೇಕೆ?

ಮೇಲುಕೋಟೆಯ ವೈರಮುಡಿಯನ್ನು ಬರಿಗಣ್ಣಿನಿಂದ ನೋಡಬಾರದೆಂಬುದು ಹಳೆಯ ನಂಬಿಕೆ. ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಬರುವ ಆ ಕಿರೀಟ ಚೆಲುವನಾರಾಯಣನ ತಲೆಗೇರಿದ ಮೇಲಷ್ಟೇ ದರ್ಶನ. ಈಗ ಉತ್ಸವದ ಇರುಳಲ್ಲಿ ಮುಗಿದ ಕೈಗಳಿಗಿಂತ ಮೊಬೈಲ್ ಎತ್ತಿದ ಕೈಗಳೇ ಎದ್ದು ಕಾಣುತ್ತವೆ. 2023ರ ಜುಲೈನಲ್ಲಿ ಮುಜರಾಯಿ ಇಲಾಖೆ ತನ್ನ ದೇವಾಲಯಗಳೊಳಗೆ ಮೊಬೈಲ್ ಬಳಕೆ ನಿಷೇಧಿಸಿತು. ಬೀದಿಯಲ್ಲಿ ಏನಾದರೂ ಮಾಡಿಕೊಳ್ಳಿ, ಗುಡಿಯೊಳಗೆ ಬೇಡ ಎಂದು ಗೆರೆ ಎಳೆದಂತಾಯಿತು. ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆಯ ಕೋರ್ಟುಗಳಲ್ಲಿ ಆ ಗೆರೆ ಎಲ್ಲಿ ಬೀಳಬೇಕು ಎಂಬುದು ಇಲ್ಲಿನ ಜಗಳ.

ಪರ

ಕೋರ್ಟು ಹಾಲಿನ ಮೌನ ಬರೀ ಶಿಸ್ತಿಗಲ್ಲ, ಅದಕ್ಕೆ ಕೆಲಸವಿದೆ. ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ಕೇಳಿ ಬರೆಸಬೇಕು. ನಡುವೆ ಯಾರದೋ ಜೇಬಿನಿಂದ ಸಿನಿಮಾ ಹಾಡು ಮೊಳಗಿದರೆ ಪಾಟೀಸವಾಲಿನ ಎಳೆ ತುಂಡಾಗುತ್ತದೆ. ತಡವರಿಸುತ್ತಿದ್ದ ಸಾಕ್ಷಿಗೆ ಯೋಚಿಸಿಕೊಳ್ಳಲು ಪುಕ್ಕಟೆ ಬಿಡುವು ಸಿಗುತ್ತದೆ. ಒಳಗೆ ಆಡಿದ ಮಾತು ಹೊರಗೆ ಕಾದಿರುವ ಮುಂದಿನ ಸಾಕ್ಷಿಯ ಮೊಬೈಲಿಗೆ ಹೋದರಂತೂ ವಿಚಾರಣೆಯೇ ಕೆಟ್ಟಿತು.

ಮೊಬೈಲು ಎಂಥ ದೊಡ್ಡವರನ್ನೂ ಮೈಮರೆಸುತ್ತದೆ ಎಂಬುದಕ್ಕೆ ಕರ್ನಾಟಕಕ್ಕೆ ಬೇರೆ ಊರಿನ ಉದಾಹರಣೆ ಬೇಕಿಲ್ಲ. 2012ರ ಫೆಬ್ರವರಿ 7ರಂದು ವಿಧಾನಸಭೆಯ ಕಲಾಪ ನಡೆಯುತ್ತಿದ್ದಾಗ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಆರೋಪ ಟಿ.ವಿ. ಕ್ಯಾಮೆರಾದಿಂದ ಬಯಲಾಗಿ, ಲಕ್ಷ್ಮಣ ಸವದಿ, ಸಿ.ಸಿ. ಪಾಟೀಲ, ಕೃಷ್ಣ ಪಾಲೆಮಾರ್ ಮರುದಿನವೇ ಮಂತ್ರಿಗಿರಿ ಬಿಟ್ಟರು. ಪರದೆಯ ಮೂಲಕ ಕೋರ್ಟಿಗೆ ಬರುವವರದು ಇನ್ನೊಂದು ಕತೆ. 2023ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ವಿಡಿಯೊ ಕಲಾಪಕ್ಕೆ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ಚಿತ್ರ ತೋರಿಸಿದ್ದರಿಂದ ವಿಡಿಯೊ ಸೌಲಭ್ಯವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. 2025ರ ಜೂನಿನಲ್ಲಿ ಗುಜರಾತ್ ಹೈಕೋರ್ಟಿನ ಕಲಾಪಕ್ಕೆ ಒಬ್ಬಾತ ಶೌಚಾಲಯದಲ್ಲಿ ಕೂತೇ ಹಾಜರಾದ!

ಮಾತಿನ ಸಡಿಲವೂ ಇದೇ ದಾರಿಯದು ಎನ್ನುತ್ತಾರೆ ಪರ ವಾದಿಗಳು. 2024ರ ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟಿನಲ್ಲಿ ಪುಣೆಯ ಕಕ್ಷಿದಾರರೊಬ್ಬರು ಮಾತುಮಾತಿಗೂ ‘ಯಾ, ಯಾ’ ಎಂದಾಗ, ಇದೇನು ಕಾಫಿ ಅಂಗಡಿಯೇ ಎಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಗದರಿದ್ದರು. ನಾಲಗೆ ಜಾರುವುದು ಕಟಕಟೆಯಲ್ಲಿ ನಿಂತವರದು ಮಾತ್ರವೂ ಅಲ್ಲ. ಅದೇ ತಿಂಗಳು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ವಿ. ಶ್ರೀಶಾನಂದ ಅವರು ಬೆಂಗಳೂರಿನ ಒಂದು ಪ್ರದೇಶದ ಬಗ್ಗೆ, ಒಬ್ಬ ವಕೀಲೆಯ ಬಗ್ಗೆ ಆಡಿದ ಮಾತುಗಳ ತುಣುಕು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಅವರು ವಿಷಾದ ವ್ಯಕ್ತಪಡಿಸಿದ ಮೇಲೆ 25ರಂದು ಪ್ರಕರಣ ಮುಗಿಯಿತು. ಕನ್ನಡದಲ್ಲೇ ಸಲುಗೆಯಿಂದ ಕಲಾಪ ನಡೆಸುವ ಅವರ ತುಣುಕುಗಳಿಗೆ ಜನ ಅದಕ್ಕೂ ಮೊದಲೇ ಮನಸೋತಿದ್ದರು. ಸಲುಗೆ ಎಲ್ಲಿಗೆ ನಿಲ್ಲಬೇಕೆಂದು ಸಲುಗೆಗೇ ಗೊತ್ತಾಗುವುದಿಲ್ಲ ಎಂಬುದು ಈ ಪಕ್ಷದ ದೂರು.

ವಿರೋಧ

ಮೊಬೈಲಿನ ಮಾತಿರಲಿ, ಆಡುಮಾತನ್ನು ಅದರ ಜೊತೆ ಒಂದೇ ಹಗ್ಗಕ್ಕೆ ಕಟ್ಟಿದ್ದೇ ತಪ್ಪು. ಈ ಪಕ್ಷದ ಗಟ್ಟಿ ವಾದ ಇರುವುದೂ ಇಲ್ಲೇ.

ಪಾಂಡವಪುರದ ಕಟಕಟೆಗೆ ಹತ್ತಿದ ರೈತ ‘ಹ್ಞೂಂ ಕನ ಬುದ್ಧಿ’ ಎಂದರೆ ಅದರಲ್ಲಿ ಉಡಾಫೆ ಎಲ್ಲಿದೆ? ‘ಬುದ್ಧಿ’ ಎಂಬುದು ಈ ಸೀಮೆಯ ಅತಿ ದೊಡ್ಡ ಮರ್ಯಾದೆ. ಕಲಿತು ಬಂದ ‘ಯಾ’ ಬೇರೆ, ತಾಯಿ ಕಲಿಸಿದ ‘ಹ್ಞೂಂ’ ಬೇರೆ. ಪುಣೆಯ ಆ ಕಕ್ಷಿದಾರರಿಗೆ ಮುಖ್ಯ ನ್ಯಾಯಮೂರ್ತಿಗಳು ಕೊನೆಗೆ ಮರಾಠಿಯಲ್ಲೇ ತಿಳಿಹೇಳಿದರು ಎಂಬುದನ್ನು ಪರ ವಾದಿಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಮಾತಿನ ಮೇಲೆ ಮಡಿ ಹೊದಿಸಿದರೆ ಸಾಕ್ಷ್ಯವೇ ಮಾಸುತ್ತದೆ. ದೂರಿನಲ್ಲಿ ‘ಅವಾಚ್ಯ ಶಬ್ದಗಳಿಂದ ಬೈದು’ ಎಂದು ಪೊಲೀಸರು ಬರೆದು ಕೈತೊಳೆದುಕೊಳ್ಳಬಹುದು. ಯಾವ ಶಬ್ದ ಎಂದು ವಕೀಲರು ಕೇಳಿದಾಗ ಸಾಕ್ಷಿ ಆ ಬೈಗುಳವನ್ನೇ ಎಲ್ಲರೆದುರು ನುಡಿಯಬೇಕು. ಪಾಟೀಸವಾಲಿನ ದಾಖಲೆಯನ್ನೇ ನೋಡಿ. ‘ನಾನು ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ.’ ಮಂಡ್ಯ ಜಿಲ್ಲೆಯ ಯಾವ ಮನೆಯಲ್ಲೂ ಯಾರೂ ಹೀಗೆ ಮಾತಾಡುವುದಿಲ್ಲ. ‘ಸುಳ್ಳು ಯಾಕೇಳ್ಲಿ ಬುದ್ಧಿ, ನಾನೇ ಕಣ್ಣಾರ ಕಂಡೆ’ ಎಂದವಳ ಸಿಟ್ಟೂ ಧೈರ್ಯವೂ ಆ ಅಚ್ಚುಕಟ್ಟು ವಾಕ್ಯದಲ್ಲಿ ಕರಗಿಹೋಗಿರುತ್ತವೆ.

ಹಳ್ಳಿಮಾತಿನಿಂದ ಸಭೆಯ ಘನತೆ ಕುಗ್ಗುತ್ತದೆಂಬುದನ್ನು ಈ ನೆಲ ಒಪ್ಪಿಯೇ ಇಲ್ಲ. 1994ರಲ್ಲಿ ಪಾಂಡವಪುರದಿಂದಲೂ 2013ರಲ್ಲಿ ಮೇಲುಕೋಟೆಯಿಂದಲೂ ಗೆದ್ದ ರೈತನಾಯಕ ಕೆ.ಎಸ್. ಪುಟ್ಟಣ್ಣಯ್ಯ ಕ್ಯಾತನಹಳ್ಳಿಯ ಮಾತನ್ನೇ ವಿಧಾನಸಭೆಗೂ ಒಯ್ದರು. ಕಬ್ಬಿನ ಬಾಕಿಯ ಲೆಕ್ಕ ಆ ಮಾತಿನಲ್ಲಿ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ನ್ಯಾಯಾಲಯಗಳೂ ಬಿಗಿ ಸಡಿಲಿಸುತ್ತಿವೆ. ಕೆಳ ಕೋರ್ಟುಗಳಲ್ಲಿ ‘ಸರ್’ ಅಥವಾ ಆಯಾ ಭಾಷೆಯ ಸಮಾನ ಪದ ಸಾಕೆಂದು ಭಾರತೀಯ ವಕೀಲರ ಪರಿಷತ್ತು 2006ರಲ್ಲೇ ಹೇಳಿತು. ತಮ್ಮನ್ನು ‘ಮೈ ಲಾರ್ಡ್’ ಎನ್ನಬೇಡಿ ಎಂದು ಹೈಕೋರ್ಟಿನ ನ್ಯಾಯಮೂರ್ತಿ ಪಿ. ಕೃಷ್ಣ ಭಟ್ 2021ರಲ್ಲಿ ಕೋರಿದರು. 2024ರ ಡಿಸೆಂಬರ್ 12ರಂದು ಅದೇ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್, ಸಿ.ಎಂ. ಜೋಶಿ ಅವರ ಪೀಠದಿಂದ ಕನ್ನಡದಲ್ಲೇ ತೀರ್ಪು ಬಂತು.

ಮೊಬೈಲಿನ ವಿಷಯದಲ್ಲಿ ಈ ಪಕ್ಷ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ರಿಂಗ್‌ಟೋನನ್ನು ಯಾರು ಸಮರ್ಥಿಸುತ್ತಾರೆ? ಆದರೂ ಒಂದು ಮಾತಿದೆ. ವಾಯಿದೆ ಯಾವತ್ತು ಎಂದು ಗುಮಾಸ್ತರ ಹಿಂದೆ ಅಲೆಯುತ್ತಿದ್ದವರಿಗೆ ಇಂದು ಇ-ಕೋರ್ಟ್ಸ್ ಆ್ಯಪ್ ಉತ್ತರ ಹೇಳುತ್ತದೆ. ಜಮೀನಿನ ವ್ಯಾಜ್ಯಕ್ಕೆ ಬಂದವರ ಪಹಣಿ, ಗಡಿಕಲ್ಲಿನ ಫೋಟೊ, ದಾಯಾದಿಯ ಬೆದರಿಕೆಯ ಧ್ವನಿ ಎಲ್ಲವೂ ಆ ಪೆಟ್ಟಿಗೆಯಲ್ಲೇ ಇವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ ಇಂಥವನ್ನು ದಾಖಲೆಯೆಂದೇ ಎಣಿಸುತ್ತದೆ. ಹೈಕೋರ್ಟು 2022ರ ಜನವರಿ 1ರಿಂದ ಜಾರಿಗೆ ತಂದ ನೇರ ಪ್ರಸಾರದ ನಿಯಮಗಳೂ ಎಲ್ಲವನ್ನೂ ಮುಚ್ಚಲಿಲ್ಲ. ವೈವಾಹಿಕ ವ್ಯಾಜ್ಯ, ಲೈಂಗಿಕ ಅಪರಾಧದಂಥವನ್ನು ಹೊರಗಿಟ್ಟು, ತುಣುಕು ಕತ್ತರಿಸಿ ಹಂಚುವುದನ್ನು ತಡೆದು, ಉಳಿದದ್ದನ್ನು ಜನರ ಕಣ್ಣಿಗೆ ಬಿಟ್ಟವು. ಶ್ರೀಶಾನಂದರ ಪ್ರಕರಣ ಮುಗಿಸುವಾಗಲೂ ಸುಪ್ರೀಂ ಕೋರ್ಟು ಪ್ರಸಾರ ನಿಲ್ಲಿಸಿ ಎನ್ನಲಿಲ್ಲ, ಇನ್ನಷ್ಟು ಬೆಳಕು ಬರಲಿ ಎಂದಿತು.

ಹಾಗಾದರೆ ಬಾಗಿಲಲ್ಲೇ ಮೊಬೈಲು ಇಸಿದುಕೊಳ್ಳಲಿ ಎಂದು ಪರ ವಾದಿಗಳು ಮತ್ತೆ ಎದ್ದು ನಿಲ್ಲುತ್ತಾರೆ. ಯಾರ ಕೈಗೆ ಕೊಡುವುದು, ಟೋಕನ್ ಯಾರು ಬರೆಯುವುದು, ಹೆಸರು ಕೂಗಿದ ಗಳಿಗೆಗೆ ಅದರೊಳಗಿನ ಪಹಣಿ ಬೇಕಾದರೆ ಓಡುವವರು ಯಾರು ಎಂದು ಎದುರಿನವರು ಕೇಳುತ್ತಾರೆ. ಸದ್ಯಕ್ಕೆ ಹಳ್ಳಿಯಿಂದ ಬಂದವರು ಕಂಡುಕೊಂಡ ಉಪಾಯ ಒಂದೇ: ಮೊಬೈಲು ಜೊತೆಗೆ ಬಂದ ನೆಂಟನ ಕೈಯಲ್ಲಿ, ನೆಂಟ ಕೋರ್ಟಿನ ಎದುರಿನ ಟೀ ಅಂಗಡಿಯಲ್ಲಿ.