ಹೊರಗಿನಿಂದ ಕಟ್ಟಿದ ಬೆಲೆ

ಮಗಳ ವಿವಾಹ, ಮಗನ ವ್ಯಾಸಂಗ, ತೋಟದ ಖರ್ಚು ಮೊದಲಾದ ಅಗತ್ಯಗಳು ಒದಗಿದಾಗ ಸ್ವಂತ ಮನೆಯನ್ನು ಈಡುಮಾಡಿ ಸಾಲ ಪಡೆಯುವುದು ಗೃಹಸ್ಥರಿಗೆ ಹೊಸದೇನೂ ಅಲ್ಲ. ಸಾಲದ ಮೊತ್ತವು ಮನೆಯ ಬೆಲೆಯನ್ನು ಅವಲಂಬಿಸಿರುವುದರಿಂದ, ಆ ಬೆಲೆಯನ್ನು ಯಾರು, ಹೇಗೆ ಕಟ್ಟಿದರೆಂಬುದು ಬಡ್ಡಿಯ ದರದಷ್ಟೇ ಮುಖ್ಯವಾದ ವಿಚಾರ.

ಮನೆಯೊಳಕ್ಕೆ ಕಾಲಿಡದೆ, ಬೀದಿಯಲ್ಲಿ ನಿಂತು ಮುಂಭಾಗವನ್ನು ನೋಡಿ, ನೆರೆಹೊರೆಯ ಕ್ರಯಗಳನ್ನು ವಿಚಾರಿಸಿ ಬೆಲೆ ಕಟ್ಟುವ ಪದ್ಧತಿಯೊಂದುಂಟು. ಅಮೆರಿಕಾದಲ್ಲಿ 2020ನೆಯ ಮಾರ್ಚಿಯಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತವಾಗಿ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಎಂಬ ಗೃಹಸಾಲ ಸಂಸ್ಥೆಗಳು ಕೆಲವು ಬಗೆಯ ಸಾಲಗಳಿಗೆ ಇದನ್ನು ತಾತ್ಕಾಲಿಕವಾಗಿ ಅಂಗೀಕರಿಸಿದುವು. ನಮ್ಮಲ್ಲಿ ಬ್ಯಾಂಕಿನ ಮೌಲ್ಯಮಾಪಕರು ಒಳಹೊಕ್ಕು ನೋಡುವುದೇ ವಾಡಿಕೆ. ಆದರೂ ಅವಸರದಲ್ಲಿ ಜಗಲಿಯಿಂದಲೇ ಹಿಂದಿರುಗಿದರೆ ಫಲವು ಅದೇ ಆಗುವುದು.

ಇದರಲ್ಲಿ ಅನುಕೂಲವಿಲ್ಲವೆಂದಲ್ಲ. ಕಾರ್ಯವು ಶೀಘ್ರ, ಖರ್ಚು ಕಡಿಮೆ, ವೃದ್ಧರೂ ರೋಗಿಗಳೂ ಇರುವ ಮನೆಗೆ ತೊಂದರೆಯಿಲ್ಲ. ಒಂದೇ ನಕ್ಷೆಯ ಹೊಸ ಮನೆಗಳು ಸಾಲಾಗಿ ನಿಂತ ಬಡಾವಣೆಯಲ್ಲಿ, ಮನೆಯ ಬೆಲೆಗೆ ಹೋಲಿಸಿದರೆ ಅಲ್ಪವಾದ ಸಾಲವನ್ನು ಬೇಡುವವರಿಗೆ ಇದು ಸಾಕಾಗಬಹುದು.

ಆದರೆ ಶಿಕಾರಿಪುರ, ಸೊರಬಗಳ ಕಡೆಯ ಹಳೆಯ ಹೆಂಚಿನ ಮನೆಗಳ ಸಂಗತಿಯೇ ಬೇರೆ. ಅವುಗಳ ಸಾರವೆಲ್ಲ ಒಳಗಿನ ಕಂಬ, ತೊಲೆ, ಅಟ್ಟಗಳಲ್ಲಿರುವುದು. ಗುಡಿಗಾರರ ಗಂಧದ ಕೆತ್ತನೆಗೆ ಹೆಸರಾದ ಸೊರಬದ ಸೀಮೆಯವರಿಗೆ ಮರಗೆಲಸದ ಬೆಲೆಯನ್ನು ನಾವು ತಿಳಿಸಬೇಕಾಗಿಲ್ಲ. ಅಜ್ಜನ ಕಾಲದ ತೇಗದ ಕಂಬವು ಬೀದಿಗೆ ಕಾಣದು. ಹಾಗೆಯೇ ಮಳೆಯಲ್ಲಿ ನೆನೆದ ಹಿಂಗೋಡೆಯೂ ಗೆದ್ದಲು ತಿಂದ ಜಂತೆಯೂ ಕಾಣವು. ಹೊರಗೆ ಥಳಕು, ಒಳಗೆ ಹುಳುಕು ಎಂಬ ಗಾದೆಯು ಮನೆಗಳಿಗೂ ಸಲ್ಲುವುದು.

ದೃಷ್ಟಾಂತಕ್ಕೆ, ನಿಜವಾಗಿ 30 ಲಕ್ಷ ರೂಪಾಯಿ ಬಾಳುವ ಮನೆಯೊಂದಿರಲಿ; ಬ್ಯಾಂಕು ಬೆಲೆಯಲ್ಲಿ ನೂರಕ್ಕೆ 60ರಂತೆ ಸಾಲ ಕೊಡಲಿ. ಬೆಲೆಯನ್ನು 20 ಲಕ್ಷವೆಂದು ಬರೆದರೆ 18 ಲಕ್ಷಕ್ಕೆ ಬದಲಾಗಿ 12 ಲಕ್ಷವೇ ದೊರೆಯುವುದು. ಉಳಿದುದಕ್ಕೆ ಹೆಚ್ಚು ಬಡ್ಡಿಯ ಕೈಸಾಲವೇ ಗತಿ. 45 ಲಕ್ಷವೆಂದು ಬರೆದರೆ 27 ಲಕ್ಷ ದೊರೆತು ಮನೆಯವರಿಗೆ ಸಂತೋಷವೇ ಆದೀತು. ಇವೆರಡರಲ್ಲಿ ಹೆಚ್ಚು ಅಪಾಯಕರವಾದುದು ಈ ಸಂತೋಷವೇ. ಕಂತುಗಳು ತಪ್ಪಿ ಸಾಲವು ಕೆಟ್ಟಿತೆಂದು ಎಣಿಸಲ್ಪಟ್ಟರೆ, 2002ನೆಯ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು 60 ದಿನಗಳ ನೋಟೀಸು ಕೊಟ್ಟು, ಆಮೇಲೆ ಮನೆಯನ್ನು ಸ್ವಾಧೀನಪಡಿಸಿಕೊಂಡು ಹರಾಜುಮಾಡಬಹುದು. ಹರಾಜಿನಲ್ಲಿ ಕೊಳ್ಳುವವನು ಹಳೆಯ ವರದಿಯ ಅಂಕಿಯನ್ನು ನಂಬಿ ಹಣ ಕೊಡುವುದಿಲ್ಲ. ಬಂದ ಹಣವು ಸಾಲದೆ ಹೋದರೆ ಮಿಕ್ಕ ಬಾಕಿಯು ಸಾಲಗಾರನ ತಲೆಯ ಮೇಲೆಯೇ ನಿಲ್ಲುವುದು. ಮನೆಯೂ ಹೋಗಿ ಋಣವೂ ಉಳಿಯುವ ಸ್ಥಿತಿ ಯಾರಿಗೂ ಬೇಡ.

ಆದುದರಿಂದ ಗೃಹಸ್ಥರು ಮೌಲ್ಯಮಾಪಕರನ್ನು ಅಡಿಗೆಮನೆ, ಅಟ್ಟ, ಹಿತ್ತಿಲವರೆಗೂ ತಾವಾಗಿಯೇ ಕರೆದುಕೊಂಡು ಹೋಗಿ ತೋರಿಸತಕ್ಕದ್ದು. ದುರಸ್ತಿಯ ರಸೀತಿಗಳು, ಒಳಭಾಗದ ಛಾಯಾಚಿತ್ರಗಳು, ಋಣಭಾರ ಪತ್ರ, ಗ್ರಾಮದ ಮನೆಯಾದರೆ ಇ-ಸ್ವತ್ತಿನ ನಮೂನೆ, ಇವುಗಳನ್ನು ಸಿದ್ಧವಾಗಿಟ್ಟುಕೊಳ್ಳಲಿ. ವರದಿಯ ಪ್ರತಿಯನ್ನು ಕೇಳಿ ಓದಲಿ. ಬೆಲೆಯು ಕಡಿಮೆಯಾಗಿ ಕಂಡರೆ ಕಾರಣಸಹಿತವಾಗಿ ಪುನಃ ಪರಿಶೀಲನೆಯನ್ನು ಬೇಡಲಿ. ಹೆಚ್ಚಾಗಿ ಕಂಡರೆ, ಬ್ಯಾಂಕು ಕೊಡುವೆನೆಂದರೂ ತಮ್ಮ ಅಗತ್ಯವನ್ನೂ ಆದಾಯವನ್ನೂ ಅಳೆದು ಅಷ್ಟಕ್ಕೇ ನಿಲ್ಲಿಸಲಿ.

ಮಳೆಗಾಲದಲ್ಲಿ ಯಾವ ಮೂಲೆ ಸೋರುವುದೆಂಬುದು ಮನೆಯೊಡತಿಗೆ ತಿಳಿದಿರುವಷ್ಟು ಯಾವ ಮೌಲ್ಯಮಾಪಕನಿಗೂ ತಿಳಿಯದು. ಸಾಲದ ಪತ್ರಕ್ಕೆ ರುಜು ಹಾಕುವ ಮುನ್ನ ಆಕೆಯ ಅಭಿಪ್ರಾಯವನ್ನೊಮ್ಮೆ ಕೇಳುವುದು ಲೇಸು.