ಕ್ಯಾಲೊರಿ ಲೆಕ್ಕಕ್ಕೆ ಬಂಗಾರದ ತಕ್ಕಡಿ ಬೇಕೇ?



ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಿಂದ ಓದುಗ ಸಹೋದರಿಯೊಬ್ಬರು ಬರೆದ ಪತ್ರ ಈ ತಿಂಗಳು ನನ್ನ ಮುಂದಿದೆ. ಅವರ ವಯಸ್ಸು ನಲವತ್ತೆರಡು. ರಕ್ತದಲ್ಲಿ ಸಕ್ಕರೆ ಗಡಿಯ ಹತ್ತಿರ ಬಂದಿದೆ, ಆರೇಳು ಕಿಲೋ ತೂಕ ಇಳಿಸಿಕೊಳ್ಳಿ ಎಂದು ವೈದ್ಯರು ಹೇಳಿದ್ದಾರೆ. ಅದೇ ವಾರ ಅಡುಗೆಮನೆಗೆ ಡಿಜಿಟಲ್ ತಕ್ಕಡಿ ಬಂತು, ಮೊಬೈಲಿಗೆ ಕ್ಯಾಲೊರಿ ಎಣಿಸುವ ಆ್ಯಪ್ ಬಂತು.

"ದಿನಕ್ಕೆ 1400 ಎಂದು ಗುರಿ ಇಟ್ಟುಕೊಂಡಿದ್ದೇನೆ. ರೊಟ್ಟಿಯ ಹಿಟ್ಟು, ಅನ್ನ, ಸಾರು ಎಲ್ಲವನ್ನೂ ತೂಗುತ್ತೇನೆ. 1437 ಆದ ದಿನ ರಾತ್ರಿ ನಿದ್ದೆ ಬರುವುದಿಲ್ಲ. ಹರಿಹರಕ್ಕೆ ತವರಿಗೆ ಹೋದಾಗಲೂ ತಕ್ಕಡಿ ಒಯ್ದೆ. ಅಮ್ಮ ಏನೂ ಅನ್ನಲಿಲ್ಲ. ಆದರೆ ಆ ದಿನ ನನ್ನ ತಟ್ಟೆಗೆ ಅವರು ಬಡಿಸಲಿಲ್ಲ, ಪಾತ್ರೆಯನ್ನು ನನ್ನ ಕಡೆಗೆ ಸರಿಸಿದರು. ಈಗ ಹದಿನೈದು ವರ್ಷದ ಮಗಳೂ ಎಣಿಸಲು ಶುರುಮಾಡಿದ್ದಾಳೆ. ಶಾಲೆಗೆ ಒಯ್ದ ಡಬ್ಬಿಯಲ್ಲಿ ಅರ್ಧ ಹಾಗೆಯೇ ವಾಪಸು ಬರುತ್ತದೆ. ಅಷ್ಟಾದರೂ ನನ್ನ ತೂಕ ಒಂದು ತಿಂಗಳಿಂದ ಇಳಿದಿಲ್ಲ. ಇನ್ನೆಷ್ಟು ನಿಖರವಾಗಿ ಎಣಿಸಬೇಕು, ಹೇಳಿ" ಎಂದು ಅವರು ಕೇಳಿದ್ದಾರೆ.

ಸಹೋದರಿ, ನೀವು ಇನ್ನೂ ನಿಖರವಾಗಿ ಎಣಿಸಬೇಕಾಗಿಲ್ಲ. ಎಣಿಸಬೇಕಾದ ಜಾಗ ಬೇರೆ, ಅಷ್ಟೇ. ಸೌದೆಯನ್ನು ಬಂಗಾರದ ತಕ್ಕಡಿಯಲ್ಲಿ ಯಾರೂ ತೂಗುವುದಿಲ್ಲ. ಆದರೆ ಅಡುಗೆಮನೆಯಲ್ಲಿ ಬಂಗಾರದಂತೆ ತೂಗಬೇಕಾದ ನಾಲ್ಕು ವಸ್ತುಗಳಿವೆ. ಸಾಮಾನ್ಯವಾಗಿ ನಾವು ಅಳೆಯದೆ ಸುರಿಯುವುದು ಅವುಗಳನ್ನೇ.

ಅಂಕಿಯೇ ಅಂದಾಜು

ಮೊದಲು ಈ ಅಂಕಿಗಳು ಎಲ್ಲಿಂದ ಬಂದವು ಎಂದು ನೋಡೋಣ. ಒಂದು ಗ್ರಾಂ ಪಿಷ್ಟ ಅಥವಾ ಪ್ರೊಟೀನಿನಲ್ಲಿ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ ಎಂಬ ಲೆಕ್ಕವನ್ನು 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿಜ್ಞಾನಿ ಆ್ಯಟ್‌ವಾಟರ್ ರೂಪಿಸಿದರು. ಹಲವು ಆಹಾರಗಳನ್ನು ಪರೀಕ್ಷಿಸಿ ತೆಗೆದ ಸರಾಸರಿ ಅದು. ನಮ್ಮ ದೇಶದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಆಹಾರಗಳ ಪೋಷಕಾಂಶಗಳ ಕೋಷ್ಟಕವನ್ನು ಪ್ರಕಟಿಸಿತು. ದೇಶದ ಆರು ವಲಯಗಳಿಂದ ಮಾದರಿ ತಂದು ಪರೀಕ್ಷಿಸಿದ ಆ ಕೋಷ್ಟಕವೂ ಸರಾಸರಿಯನ್ನೇ ಹೇಳುತ್ತದೆ. ನಿಮ್ಮ ಮನೆಯ ಜೋಳ ಯಾವ ಹೊಲದ್ದು, ಯಾವ ವರ್ಷದ್ದು ಎಂದು ಅದಕ್ಕೆ ಗೊತ್ತಿಲ್ಲ.

ಬಾದಾಮಿಯದೊಂದು ಸ್ವಾರಸ್ಯದ ಸಂಗತಿಯಿದೆ. ಹಳೆಯ ಲೆಕ್ಕದಂತೆ 28 ಗ್ರಾಂ ಬಾದಾಮಿಯಲ್ಲಿ ಸುಮಾರು 170 ಕ್ಯಾಲೊರಿ. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಜನರಿಗೆ ಬಾದಾಮಿ ತಿನ್ನಿಸಿ ಪರೀಕ್ಷಿಸಿದಾಗ ದೇಹಕ್ಕೆ ದಕ್ಕಿದ್ದು 129 ಮಾತ್ರ. ಉಳಿದದ್ದು ಜೀರ್ಣವಾಗದೆ ಹೊರಗೆ ಹೋಗಿತ್ತು. ಪೊಟ್ಟಣದ ಮೇಲೆ ಮುದ್ರಿಸಿದ ಅಂಕಿಯೂ ಹೀಗೆಯೇ. ಮುದ್ರಿತ ಸಂಖ್ಯೆಗಿಂತ ಶೇಕಡಾ 20ರವರೆಗೆ ಹೆಚ್ಚಿದ್ದರೂ ಅಮೆರಿಕದ ಕಾನೂನು ಅದನ್ನು ಒಪ್ಪುತ್ತದೆ.

ಇನ್ನು ನಿಮ್ಮೂರಿನ ಬೆಣ್ಣೆ ದೋಸೆಗೆ ಬನ್ನಿ. ಭಟ್ಟರು ಕಾವಲಿಯ ಮೇಲೆ 20 ಗ್ರಾಂ ಬೆಣ್ಣೆ ಹೆಚ್ಚಿಗೆ ಹಾಕಿದರೆ ಅಲ್ಲಿಯೇ 145 ಕ್ಯಾಲೊರಿ ಕೂಡಿತು. ಮೇಲೆ ಇಟ್ಟ ಮುದ್ದೆ ಬೇರೆ. ಆ್ಯಪ್ ತೋರಿಸುವುದು ಇನ್ಯಾರದೋ ದೋಸೆಯ ಲೆಕ್ಕ, ನಿಮ್ಮ ತಟ್ಟೆಯದಲ್ಲ.

ಆದ್ದರಿಂದ ಎಷ್ಟೇ ಎಚ್ಚರದಿಂದ ಕೂಡಿಸಿದರೂ ದಿನದ ಮೊತ್ತದಲ್ಲಿ ನೂರಿನ್ನೂರು ಕ್ಯಾಲೊರಿ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ನಿಮ್ಮ ನಿದ್ದೆ ಕೆಡಿಸಿದ ಆ 37 ಕ್ಯಾಲೊರಿ ಒಂದು ಚಿಕ್ಕ ಚಮಚ ಎಣ್ಣೆಗಿಂತಲೂ ಕಡಿಮೆ. ಅದು ನಿಜವಾಗಿ ಹೆಚ್ಚಾಗಿತ್ತೋ ಕಡಿಮೆಯಾಗಿತ್ತೋ ಯಾವ ತಕ್ಕಡಿಯೂ ಹೇಳಲಾರದು.

ಎಲ್ಲಿ ಬಿಗಿ, ಎಲ್ಲಿ ಸಡಿಲ?

ಹಾಗಾದರೆ ಒಂದು ತಿಂಗಳಿಂದ ತೂಕ ಇಳಿಯದೆ ಇರುವುದೇಕೆ? ನೀವು ಬರೆದ ಪಟ್ಟಿಯಲ್ಲಿ ರೊಟ್ಟಿ ಇದೆ, ಅನ್ನ ಇದೆ, ಸೌತೆಕಾಯಿಯೂ ಇದೆ. ಒಗ್ಗರಣೆಯ ಎಣ್ಣೆ ಇಲ್ಲ.

ರೊಟ್ಟಿಯ ಹಿಟ್ಟು 10 ಗ್ರಾಂ ಹೆಚ್ಚಾದರೆ ವ್ಯತ್ಯಾಸ ಸುಮಾರು 35 ಕ್ಯಾಲೊರಿ. ಸೌತೆ, ಟೊಮೆಟೊ, ಸೊಪ್ಪು ನೂರು ಗ್ರಾಂ ಹೆಚ್ಚಾದರೂ ಬಹಳ ಸಲ ಅಷ್ಟೂ ಆಗದು. ಎಣ್ಣೆ ಹಾಗಲ್ಲ. ಒಂದು ದೊಡ್ಡ ಚಮಚದಲ್ಲಿ ಹತ್ತಿರಹತ್ತಿರ 125. ಎಣ್ಣೆ, ತುಪ್ಪ, ಬೆಣ್ಣೆ ಒಂದು ಗುಂಪು. ಸಕ್ಕರೆ ಬೆಲ್ಲ ಎರಡನೆಯದು. ಶೇಂಗಾ, ಗೋಡಂಬಿ, ತುರಿದ ಕೊಬ್ಬರಿ ಮೂರನೆಯದು. ಕರಿದ ತಿಂಡಿ ನಾಲ್ಕನೆಯದು. ಬಂಗಾರದಂತೆ ತೂಗಬೇಕಾದ ನಾಲ್ಕು ಇವೇ.

ದಿನವೂ ಚಮಚ ಎಣಿಸುವುದು ಬೇಸರವಾದರೆ ಎಣ್ಣೆಗೆ ಸುಲಭದ ಲೆಕ್ಕವೊಂದಿದೆ. ತಿಂಗಳಿಗೆ ಮನೆಗೆ ಎಷ್ಟು ಲೀಟರ್ ಎಣ್ಣೆ ಬರುತ್ತದೆ, ಉಣ್ಣುವವರು ಎಷ್ಟು ಜನ? ಐದು ಜನರಿಗೆ 5 ಲೀಟರ್ ಆದರೆ ಒಬ್ಬರಿಗೆ ದಿನಕ್ಕೆ 33 ಮಿಲಿಲೀಟರ್, ಅಂದರೆ ಸುಮಾರು 30 ಗ್ರಾಂ, 270 ಕ್ಯಾಲೊರಿ. ಅದೇ 8 ಲೀಟರ್ ಆದರೆ 430 ದಾಟುತ್ತದೆ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಊಟಕ್ಕೆ ಎಣ್ಣೆ ತುಪ್ಪ ಎಲ್ಲ ಸೇರಿ 27 ಗ್ರಾಂ ಎಂದಿದೆ. ಕಿರಾಣಿ ಚೀಟಿಯನ್ನು ತೆಗೆದು ನೋಡಿ. ಆ್ಯಪ್ ಹೇಳದ ಸತ್ಯವನ್ನು ಅದು ಹೇಳುತ್ತದೆ.

ಚಹಾದ ಲೆಕ್ಕವೂ ಹೀಗೆಯೇ. ದಿನಕ್ಕೆ ನಾಲ್ಕು ಕಪ್, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ 40 ಗ್ರಾಂ. ಹಾಲು ಬಿಟ್ಟು ಬರೀ ಸಕ್ಕರೆಯೇ 160 ಕ್ಯಾಲೊರಿ. ಮಕ್ಕಳು ತಟ್ಟೆಯಲ್ಲಿ ಬಿಟ್ಟ ತುತ್ತು, ಸಾರಿಗೆ ಉಪ್ಪು ನೋಡಿದ ಸೌಟು, ಪಾತ್ರೆ ತೊಳೆಯುವ ಮುಂಚೆ ಬಳಿದು ಬಾಯಿಗೆ ಹಾಕಿಕೊಂಡ ಬಿರಿಯಾನಿ, ಇವು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಅಡುಗೆ ಮಾಡುವವರ ಮೈಗೆ ಮಾತ್ರ ಅದರ ಲೆಕ್ಕ ಗೊತ್ತು.

ಮಂಡಕ್ಕಿಯ ವಿಷಯಕ್ಕೆ ಭಯ ಬೇಡ. ಹಿಡಿಗಟ್ಟಲೆ ತಿಂದರೂ ಅದರ ತೂಕ ಕಡಿಮೆ. 20 ಗ್ರಾಂ ಮಂಡಕ್ಕಿಗೆ ಸುಮಾರು 70 ಕ್ಯಾಲೊರಿ. ಲೆಕ್ಕ ಏರುವುದು ಅದರ ಮೇಲಿನ ಎಣ್ಣೆ, ಶೇಂಗಾ, ಪಕ್ಕದ ಮಿರ್ಚಿಯಿಂದ. ರಮಝಾನಿನ ಇಫ್ತಾರ್‌ನಲ್ಲೂ ಇದೇ ಕಥೆ. ಮೂರು ಸಣ್ಣ ಖರ್ಜೂರದಿಂದ ಕೆಡುವಂಥದ್ದು ಏನಿಲ್ಲ. ಸಮೋಸ ಪಕೋಡಗಳ ತಟ್ಟೆ ಮತ್ತು ಸಕ್ಕರೆಯ ಶರಬತ್ತಿನ ಜಗ್ಗನ್ನು ನೋಡಬೇಕು.

ಇನ್ನೊಂದು ತಪ್ಪು ಬಹಳ ಜನ ಮಾಡುತ್ತಾರೆ. ನೂರು ಗ್ರಾಂ ಅಕ್ಕಿಗೆ ಸುಮಾರು 350 ಕ್ಯಾಲೊರಿ, ಆದರೆ ನೂರು ಗ್ರಾಂ ಅನ್ನಕ್ಕೆ ಸುಮಾರು 130. ನೀರು ಕುಡಿದು ಅಕ್ಕಿ ಉಬ್ಬಿರುತ್ತದೆ. ಅನ್ನವನ್ನು ತೂಗಿ ಅಕ್ಕಿಯ ಅಂಕಿ ಬರೆದರೆ ಲೆಕ್ಕ ಮೂರು ಪಟ್ಟು ತಪ್ಪುತ್ತದೆ. ಒಂದೊಂದು ಗ್ರಾಂ ತೂಗಿದ ಶ್ರಮವೆಲ್ಲ ನೀರುಪಾಲು.

ಒಂದೇ ಬಟ್ಟಲು, ವಾರದ ತೂಕ

ನಿಖರತೆಗಿಂತ ದೊಡ್ಡದು ಒಂದೇ ಪದ್ಧತಿ. ಅನ್ನಕ್ಕೆ ಒಂದು ಬಟ್ಟಲು, ಎಣ್ಣೆಗೆ ಒಂದು ಚಮಚ ಎಂದು ಗೊತ್ತುಮಾಡಿ ದಿನವೂ ಅದನ್ನೇ ಬಳಸಿ. ನಿಮ್ಮ ಬಟ್ಟಲಿನ ಅಂದಾಜು ನೂರು ಕ್ಯಾಲೊರಿ ತಪ್ಪಿರಬಹುದು. ದಿನವೂ ಅದೇ ತಪ್ಪಾದರೆ ಚಿಂತೆಯಿಲ್ಲ. ಮೂರು ನಾಲ್ಕು ವಾರದ ನಂತರ ತೂಕ ಇಳಿಯದಿದ್ದರೆ ಬಟ್ಟಲನ್ನು ಸ್ವಲ್ಪ ಕಡಿಮೆ ತುಂಬಿ, ಸಾಕು. ತಪ್ಪನ್ನು ನಿಮ್ಮ ದೇಹವೇ ತಿದ್ದಿಕೊಡುತ್ತದೆ.

ತೂಕವನ್ನು ವಾರಕ್ಕೊಮ್ಮೆ, ಬೆಳಗ್ಗೆ ತಿಂಡಿಗೆ ಮುಂಚೆ ನೋಡಿ. ಉಪ್ಪಿನಕಾಯಿ ತಿಂದ ಮರುದಿನ, ಮುಟ್ಟಿನ ದಿನಗಳಲ್ಲಿ ಮೈಯಲ್ಲಿ ನೀರು ನಿಂತು ಒಂದು ಕಿಲೋ ಏರಿದಂತೆ ಕಾಣಬಹುದು. ಅದು ಕೊಬ್ಬಲ್ಲ. ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಬೇಕು, ಒಂದು ರಾತ್ರಿಯಲ್ಲಿ ಅದು ಬರುವಂಥದ್ದಲ್ಲ. ಸೊಂಟದ ಸುತ್ತಳತೆಯನ್ನೂ ತಿಂಗಳಿಗೊಮ್ಮೆ ಟೇಪಿನಿಂದ ಅಳೆಯಿರಿ. ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆಯ ಗಂಟೆ.

1400 ಎಂಬ ಗುರಿಯನ್ನೂ ವೈದ್ಯರಿಗೆ ಒಮ್ಮೆ ತೋರಿಸಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಅಂದಾಜಿನಂತೆ 55 ಕಿಲೋ ತೂಕದ, ಕುಳಿತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 1660 ಕ್ಯಾಲೊರಿ ಬೇಕು. ಅದೇ ತೂಕದ, ಮೈಮುರಿದು ದುಡಿಯುವ ಹೆಂಗಸಿಗೆ 2720. ಬಡಾವಣೆಯ ಮನೆಯಲ್ಲಿ ಮಿಕ್ಸಿ, ವಾಷಿಂಗ್ ಮಷಿನ್ ಇರುವ ನಿಮಗೂ ಅದೇ ಊರಿನ ಮಂಡಕ್ಕಿ ಭಟ್ಟಿಯಲ್ಲಿ ದಿನವಿಡೀ ಬೆವರು ಸುರಿಸುವ ಸಹೋದರಿಗೂ ಒಂದೇ ಅಂಕಿ ಹೊಂದುವುದಿಲ್ಲ. ಪಕ್ಕದ ಮನೆಯವರ ಗುರಿಯನ್ನು ಎರವಲು ತರಬೇಡಿ.

ಮಗಳ ಕೈಯಿಂದ ಲೆಕ್ಕ ತೆಗೆಯಿರಿ

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಆ ಅರ್ಧ ಡಬ್ಬಿ. ಸಹೋದರಿ, ಇದನ್ನು ದಯವಿಟ್ಟು ಎರಡು ಸಲ ಓದಿ. ಅದೇ 2020ರ ಪಟ್ಟಿಯಲ್ಲಿ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 2400 ಕ್ಯಾಲೊರಿ ಎಂದಿದೆ. ನಿಮ್ಮ ಮಗಳಿಗೆ ನಿಮಗಿಂತ ಹೆಚ್ಚು ಊಟ ಬೇಕು. ಅವಳ ಎಲುಬು, ರಕ್ತ ಬೆಳೆಯುತ್ತಿರುವ ಕಾಲ ಇದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಇಂಥ ವಯಸ್ಸಿನಲ್ಲಿ ತಾಯಿಯನ್ನು ನೋಡಿ ಊಟ ಬಿಡುವುದು ತೂಕದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಅವಳನ್ನು ಗದರಬೇಡಿ. "ನೀನು ಎಣಿಸಬೇಡ" ಎಂದು ಹೇಳಿ ನೀವು ಮಾತ್ರ ತೂಗುತ್ತ ಕುಳಿತರೂ ಪ್ರಯೋಜನವಿಲ್ಲ. ಮೊದಲು ತಕ್ಕಡಿಯನ್ನು ಅಟ್ಟದ ಮೇಲಿಡಿ. ಅವಳ ಮುಂದೆ "ನಾನು ದಪ್ಪ" ಎಂಬ ಮಾತು ಬೇಡ. ಒಟ್ಟಿಗೆ ಕುಳಿತು ಉಣ್ಣಿ. ಊಟ ಬಿಡುವುದು ಮುಂದುವರಿದರೆ, ಮುಟ್ಟು ತಪ್ಪಿದರೆ, ಉಂಡದ್ದನ್ನು ಗುಟ್ಟಾಗಿ ವಾಂತಿ ಮಾಡುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ತಾವಾಗಿ ಕ್ಯಾಲೊರಿ ಕಡಿತಕ್ಕೆ ಇಳಿಯಬಾರದು.

ಕಟ್ಟುನಿಟ್ಟಿನ ಲೆಕ್ಕ ಬೇಕಾದವರೂ ಇದ್ದಾರೆ. ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಪಿಷ್ಟಕ್ಕೂ ಚುಚ್ಚುಮದ್ದಿನ ಪ್ರಮಾಣಕ್ಕೂ ಹೊಂದಿಸಬೇಕಾಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಬೇರೆಯೇ ಅಳತೆ. ಅದನ್ನು ವೈದ್ಯರು ಮತ್ತು ಆಹಾರ ತಜ್ಞರು ಹೇಳಿಕೊಡಬೇಕು, ಮೊಬೈಲ್ ಅಲ್ಲ.

ಉಳಿದ ನಮಗೆಲ್ಲ ಎರಡು ವಾರ ಬರೆದಿಡುವುದು ಒಳ್ಳೆಯ ಪಾಠ. ಎಣ್ಣೆ, ಸಕ್ಕರೆ ಎಲ್ಲಿ ಸೋರುತ್ತಿದೆ ಎಂದು ಕಣ್ಣಿಗೆ ಬೀಳುತ್ತದೆ. ಆಮೇಲೆ ಪುಸ್ತಕ ಮುಚ್ಚಿ, ಬಟ್ಟಲು ಮತ್ತು ಚಮಚವನ್ನು ಉಳಿಸಿಕೊಳ್ಳಿ. ಸಂಜೆ ಅರ್ಧ ಗಂಟೆ ನಡೆಯಿರಿ, ಮಗಳೂ ಜೊತೆಗೆ ಬರಲಿ.

ಮುಂದಿನ ಸಲ ಹರಿಹರಕ್ಕೆ ಹೋಗುವಾಗ ತಕ್ಕಡಿ ಒಯ್ಯಬೇಡಿ. "ಅಮ್ಮಾ, ಸಾಲನ್‌ಗೆ ಎಣ್ಣೆ ಒಂದು ಚಮಚ ಕಡಿಮೆ ಹಾಕು" ಎಂದು ಮೊದಲೇ ಹೇಳಿಬಿಡಿ. ಅಷ್ಟು ಮಾಡಿ, ತಟ್ಟೆಯನ್ನು ಅವರ ಮುಂದಿಡಿ. ಬಡಿಸುವ ಕೆಲಸ ಅವರದೇ ಆಗಲಿ.