ಅರಿಶಿನದ ಹೊಳಪು ಮತ್ತು ಮಕ್ಕಳ ಮಿದುಳು



ಅರಿಶಿನ ತಿಂದರೆ ಜ್ಞಾಪಕಶಕ್ತಿ ಹೆಚ್ಚುವುದೇ ಎಂದು ಈಚೆಗೆ ನಿಮ್ಮಲ್ಲಿ ಹಲವರು ಕೇಳುತ್ತಿದ್ದೀರಿ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಔಷಧದ ಅಂಗಡಿಗಳಲ್ಲಿ ಅರಿಶಿನದ ಸತ್ವವನ್ನೇ ಗುಳಿಗೆ ಮಾಡಿ ಮಾರುತ್ತಿರುವಾಗ ಈ ಪ್ರಶ್ನೆ ಏಳುವುದು ಸಹಜ. ಅರಿಶಿನಕ್ಕೆ ಬಣ್ಣ ಕೊಡುವ ಕುರ್ಕ್ಯುಮಿನ್ ಒಣಕೊಂಬಿನಲ್ಲಿ ಇರುವುದೇ ಶೇಕಡಾ ಕೆಲವು ಪಾಲು. ತಿಂದದ್ದರಲ್ಲಿ ರಕ್ತಕ್ಕೆ ಸೇರುವುದು ಇನ್ನೂ ಅತ್ಯಲ್ಪ. ಸುಲಭವಾಗಿ ರಕ್ತಕ್ಕೆ ಸೇರುವಂತೆ ತಯಾರಿಸಿದ ಕುರ್ಕ್ಯುಮಿನ್ನನ್ನು 40 ಮಂದಿಯ ಮೇಲೆ 18 ತಿಂಗಳು ಪರೀಕ್ಷಿಸಿದ ಅಮೆರಿಕದ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ಅದರಲ್ಲಿ ನೆನಪು ಸ್ವಲ್ಪ ಸುಧಾರಿಸಿದ್ದು ನಿಜ. ಆದರೆ ಸಾರಿಗೆ ಹಾಕುವ ಚಿಟಿಕೆಯಿಂದಲೂ ಹಾಗೆಯೇ ಆದೀತೆಂದು ಹೇಳಲು ಆಧಾರ ಸಾಲದು.

ನನಗೆ ಚಿಂತೆ ಇರುವುದು ಬೇರೊಂದು ಕಡೆ. ಅದೇ ಚಿಟಿಕೆಯಿಂದ ಮಿದುಳು ಕೆಡುವ ದಾರಿಯೊಂದುಂಟು. ಅದಕ್ಕೆ ಕಾರಣ ಅರಿಶಿನವಲ್ಲ, ಅದರ ಮೇಲೆ ಬಳಿಯುವ ಬಣ್ಣ. ಲೆಡ್ ಕ್ರೋಮೇಟ್ ಎಂಬುದು ಗೋಡೆ, ಯಂತ್ರಗಳಿಗೆ ಬಳಿಯುವ ಬಣ್ಣಗಳಲ್ಲಿ ಸೇರುವ ಹಳದಿ ಪುಡಿ. ತೂಕದಲ್ಲಿ ಅದರ ಶೇಕಡಾ 64 ಪಾಲು ಸೀಸವೇ. ಆಹಾರ ಕಾನೂನು ಅರಿಶಿನದಲ್ಲಿ ಇದನ್ನು ಪೂರ್ತಿ ನಿಷೇಧಿಸಿದೆ; ಕಿಲೋ ಅರಿಶಿನದಲ್ಲಿ ಸೀಸ 10 ಮಿಲಿಗ್ರಾಂ ಮೀರಕೂಡದು. ಒಂದು ಕಿಲೋ ಪುಡಿಗೆ ಬರೀ 1 ಗ್ರಾಂ ಲೆಡ್ ಕ್ರೋಮೇಟ್ ಬೆರೆಸಿದರೆ ಸೀಸ 640 ಮಿಲಿಗ್ರಾಂ ಆಗುತ್ತದೆ, ಎಂದರೆ ಮಿತಿಯ 64 ಪಟ್ಟು. ಭಾರತ ಮತ್ತು ನೆರೆ ದೇಶಗಳ ಪೇಟೆಗಳಿಂದ ತಂದ ಮಾದರಿಗಳ ಬಗ್ಗೆ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಾಟ್ನಾ, ಕರಾಚಿ ಮುಂತಾದೆಡೆಯ ಕೆಲವು ಮಾದರಿಗಳು ಸಾವಿರ ಮಿಲಿಗ್ರಾಂ ದಾಟಿದ್ದವು.

ಸೀಸವು ದೇಹದಲ್ಲಿ ಸುಣ್ಣದ ಅಂಶದ ವೇಷ ಹಾಕಿಕೊಂಡು ಮಿದುಳನ್ನು ಹೊಗುತ್ತದೆ. ದೊಡ್ಡವರಿಗಿಂತ ಮಕ್ಕಳ ದೇಹ ಅದನ್ನು ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಬಲ್ಲದು. ಮಗುವಿಗೆ ಜ್ವರ ಬರುವುದಿಲ್ಲ, ನೋವೂ ಕಾಣುವುದಿಲ್ಲ. ಪಾಠ ತಲೆಗೆ ಹತ್ತುವುದಿಲ್ಲ, ಗಮನ ನಿಲ್ಲುವುದಿಲ್ಲ, ಸಿಟ್ಟು ಬೇಗ ಬರುತ್ತದೆ. ಅಂಥ ಮಗುವನ್ನು ನಾವು ದಡ್ಡನೆಂದೋ ಪುಂಡನೆಂದೋ ಬಯ್ದು ಸುಮ್ಮನಾಗುತ್ತೇವೆ. ಹೀಗೆ ಆದ ಹಾನಿ ಬಹುಪಾಲು ಮತ್ತೆ ಸರಿಹೋಗುವುದಿಲ್ಲ. ಕಬ್ಬಿಣ, ಸುಣ್ಣದ ಅಂಶಗಳ ಕೊರತೆ ಇರುವ ಮಕ್ಕಳಲ್ಲಿ ಸೀಸ ಇನ್ನೂ ಹೆಚ್ಚು ಸೇರುತ್ತದೆ. ರಾಗಿ ಮುದ್ದೆ ಬಿಟ್ಟು ಬರೀ ಬಿಳಿ ಅನ್ನಕ್ಕೆ ಹೊರಳಿದ ಮನೆಗಳು ಇದನ್ನು ಯೋಚಿಸಬೇಕು.

ಬೆಂಗಳೂರಿಗೆ ಸೀಸ ಹೊಸತಲ್ಲ. 1990ರ ದಶಕದ ಕೊನೆಯಲ್ಲಿ ಇಲ್ಲಿನ ಜಾರ್ಜ್ ಫೌಂಡೇಷನ್ ಬೆಂಗಳೂರೂ ಸೇರಿ ಹಲವು ನಗರಗಳ ಮಕ್ಕಳ ರಕ್ತ ಪರೀಕ್ಷಿಸಿದಾಗ ಅರ್ಧದಷ್ಟು ಮಕ್ಕಳಲ್ಲಿ ಸೀಸ ಆಗಿನ ಮಿತಿಯನ್ನು ಮೀರಿತ್ತು. 2000ದಲ್ಲಿ ಪೆಟ್ರೋಲಿನಿಂದ ಸೀಸವನ್ನು ತೆಗೆಯಲಾಯಿತು. ಹೊಗೆಯಿಂದ ಹೋದದ್ದು ಒಗ್ಗರಣೆಯಿಂದ ಬರಬಾರದು. ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಗುಳಿಗೆ ಕೊಳ್ಳುವವರಲ್ಲ. ಸಂಬಳದ ದಿನ ಸಂತೆಯಲ್ಲಿ ಐವತ್ತು ಗ್ರಾಂ ಬಿಡಿ ಪುಡಿ ಕಟ್ಟಿಸಿಕೊಂಡು ಹೋಗುವವರು. ಅವರ ಮಕ್ಕಳ ಹಿತ ಆ ಪೊಟ್ಟಣದಲ್ಲಿದೆ.

ಇದು ವ್ಯಾಪಾರಿಯ ತಪ್ಪು, ನಮಗೇನು ಎನ್ನಬಹುದು. ನಾನು ಒಪ್ಪುವುದಿಲ್ಲ. ಬಾಂಗ್ಲಾದೇಶದಲ್ಲಿ 1980ರ ದಶಕದ ನೆರೆಯಲ್ಲಿ ನೆನೆದ ಅರಿಶಿನ ಮಂಕಾಯಿತು. ಅದನ್ನು ಮಾರಲೆಂದೇ ಈ ಪುಡಿ ಬಳಿಯುವ ರೂಢಿ ಹುಟ್ಟಿತೆಂದು ಅಲ್ಲಿನವರು ಹೇಳುತ್ತಾರೆ. ಎಂದರೆ ಕೇಡಿನ ಬೇರು ಇರುವುದು ಒಣಗಿಸುವ ಕಣದಲ್ಲಿ. ಅದೇ ದೇಶದಲ್ಲಿ ಸರಕಾರ ದಂಡ ಹಾಕಿ, ಊರೂರಿಗೆ ತಿಳಿವಳಿಕೆ ಕೊಟ್ಟಾಗ, 2019ರಲ್ಲಿ ಪೇಟೆಯ ಮಾದರಿಗಳಲ್ಲಿ ಶೇಕಡಾ 47ರಷ್ಟಿದ್ದ ಕಲಬೆರಕೆ 2021ರ ಹೊತ್ತಿಗೆ ಸೊನ್ನೆಗೆ ಇಳಿಯಿತು. ಅಲ್ಲಿ ಆದದ್ದು ಚಾಮರಾಜನಗರದಲ್ಲಿ, ಈರೋಡಿನ ಪೇಟೆಯಲ್ಲಿ ಏಕಾಗಬಾರದು? ನಮ್ಮ ಮಾರುಕಟ್ಟೆಗಳು ಹೊಳಪು ನೋಡಿ ಬೆಲೆ ಕಟ್ಟುವುದನ್ನು ಬಿಟ್ಟು ಕುರ್ಕ್ಯುಮಿನ್ ಅಂಶ ನೋಡಿ ಕಟ್ಟಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕಣ್ಣಿಗೆ ಬೆಲೆ ಕೊಡುವವರೆಗೆ ಕಣ್ಣಿಗೆ ಬಣ್ಣ ಬಳಿಯುವವರು ಇದ್ದೇ ಇರುತ್ತಾರೆ.

ನಿಮ್ಮ ಕೈಯಲ್ಲಿರುವುದೂ ಕಡಿಮೆಯಲ್ಲ. ಕಿತ್ತ ಗಡ್ಡೆಯನ್ನು ತಡಮಾಡದೆ ಬೇಯಿಸಿ. ನೊರೆ ಬಂದು, ಘಮಲಿನ ಬಿಳಿ ಹಬೆ ಎದ್ದು, ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯುವುದೇ ಹದ. ಹೆಚ್ಚು ಬೆಂದರೆ ಬಣ್ಣ ಕೆಡುತ್ತದೆ, ಕಡಿಮೆಯಾದರೆ ಕೊಂಬು ಪುಡಿಪುಡಿಯಾಗುತ್ತದೆ. ಆಮೇಲೆ ಹತ್ತು ಹದಿನೈದು ದಿನ ಬಿಸಿಲಿನಲ್ಲಿ ಒಣಗಿಸಿ, ರಾತ್ರಿ ಮುಚ್ಚಿಡಿ; ಮುರಿದರೆ ಲೋಹದಂತೆ ಟಣ್ ಎನ್ನಬೇಕು. ಪೀಪಾಯಿಯಲ್ಲಿ ಉಜ್ಜಿ ಹೊಳಪು ಕೊಡುವುದಕ್ಕೆ ಅಡ್ಡಿಯಿಲ್ಲ. ಬಣ್ಣ ಬೇಕೇಬೇಕೆಂದರೆ ಉಜ್ಜುವ ಕೊನೆಯಲ್ಲಿ ನಿಮ್ಮದೇ ಅರಿಶಿನದ ಪುಡಿಯನ್ನು ನೀರಿನೊಡನೆ ಚಿಮುಕಿಸಿ. ಹೊಳಪು ಮಾಡುವವನಿಗೆ ಕೊಟ್ಟರೆ ಅವನು ಏನು ಬೆರೆಸುತ್ತಾನೆಂದು ನಿಂತು ನೋಡಿ. ಹೆಸರಿಲ್ಲದ ಹಳದಿ ಪುಡಿ ಕಂಡರೆ ಮೂಟೆ ಹಿಂದಕ್ಕೆ ತನ್ನಿ. ಸೀಸ ಕಣ್ಣಿಗೂ ನಾಲಗೆಗೂ ಸಿಕ್ಕುವುದಿಲ್ಲವಾದ್ದರಿಂದ, ನಾಲ್ಕಾರು ಮಂದಿ ಬೆಳೆಗಾರರು ಸೇರಿ ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ, ಬಂದ ವರದಿಯ ಪ್ರತಿಯನ್ನು ಮೂಟೆಯೊಡನೆ ಇಟ್ಟು ಮಾರಿ.